ಹಿಟ್ಟಿನ ಹುಂಜವೂ ಹಂದಿಯ ಭ್ರೂಣವೂ

ನೋವನ್ನೇ ಅರಿಯದ ವಸ್ತುವಿಗೆ ಮಾಡಿದ ಹಿಂಸೆ ಹಿಂಸೆಯೆನಿಸುತ್ತದೆಯೇ? ಕನ್ನಡಿಗರಿಗೆ ಈ ಪ್ರಶ್ನೆ ಹೊಸದಲ್ಲ. ಎಂಟು ನೂರು ವರ್ಷಗಳ ಹಿಂದೆ, ಕ್ರಿ.ಶ. 1209ರ ಸುಮಾರಿಗೆ, ಜನ್ನ ಕವಿ ತನ್ನ ‘ಯಶೋಧರ ಚರಿತೆ’ಯಲ್ಲಿ ಇದನ್ನೇ ನಮ್ಮ ಮುಂದಿಟ್ಟಿದ್ದಾನೆ. ಹೆಂಡತಿಯ ನಡತೆಯಿಂದ ನೊಂದ ಯಶೋಧರ ರಾಜ ನಿಜವನ್ನು ತಾಯಿಗೆ ಹೇಳಲಾರದೆ ಕೆಟ್ಟ ಕನಸು ಕಂಡೆನೆನ್ನುತ್ತಾನೆ. ಅದರ ಶಾಂತಿಗಾಗಿ ದೇವಿಗೆ ಬಲಿ ಕೊಡೆಂದು ತಾಯಿ ಚಂದ್ರಮತಿ ಹಟ ಹಿಡಿಯುತ್ತಾಳೆ. ಜೀವಬಲಿಯನ್ನು ಒಲ್ಲದ, ತಾಯಿಯ ಮಾತನ್ನೂ ಮೀರಲಾರದ ಮಗ ಹಿಟ್ಟಿನಿಂದ ಮಾಡಿದ ಕೋಳಿಯೊಂದನ್ನು ಕಡಿಯುತ್ತಾನೆ. ಹಿಟ್ಟಿಗೆ ನೋವಿಲ್ಲ, ನೆತ್ತರಿಲ್ಲ. ಆದರೂ ಕೊಲ್ಲುವ ಸಂಕಲ್ಪವೊಂದರಿಂದಲೇ ತಾಯಿ ಮಗ ಇಬ್ಬರೂ ಹಲವು ಜನ್ಮಗಳಲ್ಲಿ ಪಶುಪಕ್ಷಿಗಳಾಗಿ ಹುಟ್ಟಿ ಸಾಯಬೇಕಾಗುತ್ತದೆ. ಗಿರೀಶ ಕಾರ್ನಾಡರು 1980ರಲ್ಲಿ ಇದೇ ಕಥೆಯನ್ನು ಎತ್ತಿಕೊಂಡು ‘ಹಿಟ್ಟಿನ ಹುಂಜ’ ನಾಟಕ ಬರೆದರು.

ಈ ಹಳೆಯ ಕಥೆಯನ್ನು ಈಗ ನೆನೆಯಲು ಕಾರಣವಿದೆ. ಹಿಟ್ಟಿನ ಹುಂಜದಂತೆಯೇ ನೋವರಿಯದ, ಆದರೆ ಹಿಟ್ಟಿನ ಹಾಗೆ ನಿರ್ಜೀವವಲ್ಲದ ಒಂದು ವಸ್ತು ಇಂದು ವಿಜ್ಞಾನಿಗಳ ಗಾಜಿನ ತಟ್ಟೆಯಲ್ಲಿದೆ. ಅದು ಐದಾರು ದಿನಗಳ ಹಂದಿಯ ಭ್ರೂಣ. ಅದನ್ನು ಒಡೆದು ಒಳಗಿನ ಕೋಶಗಳನ್ನು ತೆಗೆದು ಬೆಳೆಸುತ್ತಾರೆ. ಇಂಗ್ಲಿಷಿನಲ್ಲಿ ಸ್ಟೆಮ್ ಸೆಲ್ ಎಂದೂ ಕನ್ನಡದಲ್ಲಿ ಆಕರಕೋಶವೆಂದೂ ಕರೆಯುವ ಈ ಕೋಶಗಳಿಂದ ನಾಳೆ ಮನುಷ್ಯರ ರೋಗಗಳಿಗೆ ಮದ್ದು ದೊರೆಯಬಹುದೆಂಬುದು ಅವರ ಆಶೆ. ಇದು ತಕ್ಕ ಕೆಲಸವೋ ತಗದ ಕೆಲಸವೋ ಎಂಬುದನ್ನು ನಮ್ಮ ವಾಚಕರೊಡನೆ ಕೂಡಿ ವಿಚಾರ ಮಾಡಬೇಕೆಂಬುದು ಈ ಲೇಖನದ ಉದ್ದೇಶ.

ಪರದೇಶದ ಪಂಡಿತರ ಗೊಡವೆ ನಮಗೇಕೆ ಎಂದು ಕೆಲವರು ಕೇಳಿಯಾರು. ಅಂಬರನಾಥ, ಬದಲಾಪುರ, ಡೊಂಬಿವಲಿಗಳಿಂದ ಹಿಡಿದು ಠಾಣೆ–ಬೇಲಾಪುರ ರಸ್ತೆಯವರೆಗೆ ರಾಸಾಯನಿಕ ಮತ್ತು ಔಷಧ ಕಾರ್ಖಾನೆಗಳ ಸಾಲೇ ಇದೆ. ನಮ್ಮ ಹಿರಿಯರು ಊರು ಬಿಟ್ಟು ಇಲ್ಲಿಗೆ ಬಂದಾಗ ಹೋಟೆಲು, ಗಿರಣಿ, ರೈಲ್ವೆ, ಆರ್ಡ್‌ನೆನ್ಸ್ ಫ್ಯಾಕ್ಟರಿ ಇವೇ ಅವರ ಅನ್ನದ ದಾರಿಗಳಾಗಿದ್ದವು. ಅವರ ಮೊಮ್ಮಕ್ಕಳು ಇಂದು ಜೀವತಂತ್ರಜ್ಞಾನದ ಪದವಿ ಪಡೆದು ಪ್ರಯೋಗಾಲಯಗಳ ಬಾಗಿಲಲ್ಲಿ ನಿಂತಿದ್ದಾರೆ. ನವಿ ಮುಂಬಯಿಯ ರಬಾಳೆಯಲ್ಲಿ ರಿಲಯನ್ಸ್ ಲೈಫ್ ಸೈನ್ಸಸ್ ಸಂಸ್ಥೆಯ ಕೇಂದ್ರವಿದೆ. 2001ರ ಆಗಸ್ಟಿನಲ್ಲಿ ಅಮೆರಿಕದ ಸರಕಾರ ತನ್ನ ಧನಸಹಾಯಕ್ಕೆ ಅರ್ಹವಾದ ಮಾನವ ಭ್ರೂಣಕೋಶಗಳ ಪಟ್ಟಿ ಪ್ರಕಟಿಸಿದಾಗ ಜಗತ್ತಿನ 10 ಪ್ರಯೋಗಾಲಯಗಳ 64 ಕೋಶಸಂತತಿಗಳು ಅದರಲ್ಲಿದ್ದವು. ಅವುಗಳಲ್ಲಿ 7 ಇದೇ ರಿಲಯನ್ಸ್ ಸಂಸ್ಥೆಯವು, 3 ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದವು. ಪಟ್ಟಿಯ ಬಹುಪಾಲು ಸಂತತಿಗಳು ಕೊನೆಗೆ ಸಂಶೋಧಕರ ಕೈಗೆ ಬರಲಿಲ್ಲವೆಂಬುದು ಬೇರೆ ಮಾತು. ಮುಂದೆ 2009ರಲ್ಲಿ ಬೆಂಗಳೂರು ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನ ಕೇಂದ್ರದಲ್ಲಿ ಮನೀಷಾ ಇನಾಮದಾರ್ ಮತ್ತು ಸಂಗಡಿಗರು, ಗರ್ಭಕ್ಕೆ ಸೇರಿಸಲು ಯೋಗ್ಯವಲ್ಲವೆಂದು ಬಿಟ್ಟ ಭ್ರೂಣಗಳಿಂದ ಎರಡು ಮಾನವ ಕೋಶಸಂತತಿಗಳನ್ನು ಪಡೆದರು. ಪರೇಲಿನ ರಾಷ್ಟ್ರೀಯ ಪ್ರಜನನ ಆರೋಗ್ಯ ಸಂಶೋಧನ ಸಂಸ್ಥೆಯಲ್ಲಿಯೂ ಇಂಥ ಕೆಲಸ ನಡೆದಿದೆ. ಬೆಂಗಳೂರಿನ ಆಡುಗೋಡಿಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆಯಲ್ಲಿ ಕಸಾಯಿಖಾನೆಯಿಂದ ತಂದ ಕುರಿಯ ಅಂಡಾಶಯಗಳಿಂದ ಭ್ರೂಣಗಳನ್ನು ತಟ್ಟೆಯಲ್ಲೇ ಬೆಳೆಸಿದ್ದಾರೆ. ಕರ್ನಾಲಿನಲ್ಲಿ 2010ರ ಆಗಸ್ಟಿನಲ್ಲಿ ‘ಗರಿಮಾ–2’ ಎಂಬ ಎಮ್ಮೆಯ ಕರು ಭ್ರೂಣದ ಆಕರಕೋಶದಿಂದಲೇ ತದ್ರೂಪಿಯಾಗಿ ಹುಟ್ಟಿತು.

ಹೀಗಿರುವಾಗ ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಿದ ಮೊಮ್ಮಗಳೊಬ್ಬಳು, “ಅಜ್ಜಿ, ಭ್ರೂಣ ಒಡೆಯುವುದು ಪಾಪವೇನು?” ಎಂದು ಕೇಳಿದರೆ ಮನೆಯ ಹಿರಿಯರು ಏನು ಹೇಳಬೇಕು? ‘ಸಂಬಳ ಎಷ್ಟು?’ ಎಂಬುದು ಉತ್ತರವಾಗಲಾರದು. ‘ಶಿವ ಶಿವಾ, ಬಿಟ್ಟುಬಿಡು’ ಎಂಬುದೂ ವಿಚಾರ ಮಾಡಿ ಕೊಟ್ಟ ಉತ್ತರವಲ್ಲ.

ಮೊದಲು ವಿಷಯವನ್ನು ತಿಳಿದುಕೊಳ್ಳೋಣ. ಹಂದಿಯ ಅಂಡ ಒಂದು ಮಿಲಿಮೀಟರಿನ ಹತ್ತನೆಯ ಒಂದು ಪಾಲಿನಷ್ಟು. ಕಸಾಯಿಖಾನೆಯಲ್ಲಿ ಮಾಂಸಕ್ಕಾಗಿ ಕಡಿದ ಹೆಣ್ಣು ಹಂದಿಗಳ ಅಂಡಾಶಯಗಳನ್ನು ತಂದು, ಸೂಜಿಯಿಂದ ಅಂಡಗಳನ್ನು ಹೀರಿ, ಎರಡು ದಿನಗಳ ಮಟ್ಟಿಗೆ ಬೆಚ್ಚನೆಯ ದ್ರವದಲ್ಲಿ ಬಲಿಯಲು ಬಿಡುತ್ತಾರೆ. ಬಳಿಕ ವೀರ್ಯಾಣುವಿನೊಡನೆ ಸೇರಿಸುತ್ತಾರೆ. ಐದಾರು ದಿನಗಳಲ್ಲಿ ಅದು ಒಂದು ಟೊಳ್ಳು ಚೆಂಡಿನಂತಾಗುತ್ತದೆ. ಚೆಂಡಿನ ಹೊರಪದರ ಮುಂದೆ ಮಾಸಿನ ಭಾಗವಾಗತಕ್ಕದ್ದು, ಒಳಗೆ ಒಂದು ಮೂಲೆಗೆ ಅಂಟಿಕೊಂಡ ಕೆಲವೇ ಕೋಶಗಳ ಗುಂಪು ಮರಿಯಾಗತಕ್ಕದ್ದು. ಆ ಒಳಗುಂಪನ್ನು ಬಿಡಿಸಿ, ಪೋಷಣೆ ಕೊಡುವ ಬೇರೆ ಕೋಶಗಳ ಹಾಸಿನ ಮೇಲಿಟ್ಟು, ತಕ್ಕ ರಾಸಾಯನಿಕ ಸಂದೇಶಗಳನ್ನು ಒದಗಿಸಿದರೆ ಅವು ಬಗೆಬಗೆಯ ಅಂಗಗಳಾಗುವ ಬದಲು ತಮ್ಮಂಥವೇ ಕೋಶಗಳನ್ನು ಹೆರುತ್ತ ಹೋಗುತ್ತವೆ. ಅವುಗಳಿಂದ ಹೃದಯದ ಕೋಶ, ನರದ ಕೋಶ, ರಕ್ತದ ಕೋಶ ಯಾವುದನ್ನಾದರೂ ಪಡೆಯುವ ಸಾಧ್ಯತೆ ಇದೆ. ಆದರೆ ಹೀಗೆ ಒಳಗುಂಪನ್ನು ತೆಗೆದ ಭ್ರೂಣ ಮುಂದೆ ಮರಿಯಾಗಲಾರದು. ಧರ್ಮಸಂಕಟ ಹುಟ್ಟುವುದು ಇಲ್ಲಿಯೇ.

ಇಲಿಯ ಭ್ರೂಣದಿಂದ ಇಂಥ ಕೋಶಗಳನ್ನು 1981ರಲ್ಲಿ ಕೇಂಬ್ರಿಜ್ಜಿನಲ್ಲಿ ಮಾರ್ಟಿನ್ ಇವಾನ್ಸ್ ಮತ್ತು ಮ್ಯಾಥ್ಯೂ ಕಾಫ್‌ಮನ್, ಅದೇ ವರ್ಷ ಅಮೆರಿಕದಲ್ಲಿ ಗೇಲ್ ಮಾರ್ಟಿನ್ ಪಡೆದರು. ಮನುಷ್ಯನದು 1998ರಲ್ಲಿ ಜೇಮ್ಸ್ ಥಾಮ್ಸನ್ ಅವರಿಂದಾಯಿತು. ಹಂದಿಯದು ಮಾತ್ರ ಬಹುಕಾಲ ಒಗ್ಗಲಿಲ್ಲ. ಇವಾನ್ಸ್ ಅವರ ಬಳಗವೇ 1990ರಲ್ಲಿ ಪ್ರಯತ್ನಿಸಿತ್ತು. ಆ ದಿನಗಳಲ್ಲಿ ಪಡೆದ ಕೋಶಗಳು ತಟ್ಟೆಯಲ್ಲಿ ಕೆಲಕಾಲ ಬಾಳಿ ತಮ್ಮ ಗುಣ ಕಳೆದುಕೊಳ್ಳುತ್ತಿದ್ದವು. ಸುಮಾರು ಮೂವತ್ತು ವರ್ಷಗಳ ಪರಿಶ್ರಮದ ಬಳಿಕ, 2019ರಿಂದ 2022ರ ನಡುವೆ ಹಾಂಗ್‌ಕಾಂಗ್, ಬ್ರಿಟನ್ ಮತ್ತು ಚೀನದ ಬೇರೆಬೇರೆ ತಂಡಗಳು ಹಂದಿಯ ಭ್ರೂಣದಿಂದ ಸ್ಥಿರವಾಗಿ ನಿಲ್ಲುವ ಕೋಶಸಂತತಿಗಳನ್ನು ಪಡೆದವು.

ಇಷ್ಟು ಹಟ ಏಕೆಂದರೆ, ಹಂದಿಯ ಹೃದಯ, ಮೂತ್ರಪಿಂಡಗಳು ಗಾತ್ರದಲ್ಲಿಯೂ ಕೆಲಸದಲ್ಲಿಯೂ ನಮ್ಮವಕ್ಕೆ ಹತ್ತಿರ. ಅಂಗ ಕಸಿಗಾಗಿ ಹಂದಿಯ ವಂಶವಾಹಿಗಳನ್ನು ತಿದ್ದಬೇಕಾದರೆ ಇಂಥ ಕೋಶಗಳು ಅನುಕೂಲ. ಇನ್ನೊಂದು ಕಾರಣ ಅಷ್ಟೇ ಮುಖ್ಯವಾದುದು. ಮೊದಲ ಎರಡು ವಾರಗಳ ಕೊನೆಗೆ ಮಾನವ ಭ್ರೂಣ ಚಪ್ಪಟೆಯಾದ ಬಿಲ್ಲೆಯಂತಿರುತ್ತದೆ. ಇಲಿಯದು ಬಟ್ಟಲಿನಂತೆ, ಹಂದಿಯದು ನಮ್ಮಂತೆ ಬಿಲ್ಲೆಯೇ. ಮಾನವ ಭ್ರೂಣವನ್ನು ಮುಟ್ಟದೆಯೇ ಮಾನವನ ಆದಿಯನ್ನು ತಿಳಿಯಲು ಹಂದಿ ಒಂದು ಕನ್ನಡಿ. ಎಂದರೆ ನಮ್ಮ ಸಂತಾನಕ್ಕೆ ನಾವು ತೋರುವ ಗೌರವದ ಬೆಲೆಯನ್ನು ಹಂದಿಯ ಸಂತಾನ ತೆರುತ್ತಿದೆ.

ಈಗ ಆಕ್ಷೇಪಗಳಿಗೆ ಬರೋಣ. ಮೊದಲನೆಯದು, ಜೀವಹಾನಿ. ಆರು ದಿನದ ಭ್ರೂಣದಲ್ಲಿ ನರವಿಲ್ಲ, ಮೆದುಳಿಲ್ಲ, ನೋಯುವುದಕ್ಕೆ ಬೇಕಾದ ಯಾವ ಅಂಗವೂ ಇಲ್ಲ. ಹಾಗಾಗಿ ಅದಕ್ಕೆ ನೋವಾಗುತ್ತದೆಂದು ಹೇಳುವುದು ಸರಿಯಾಗದು. ಪ್ರಕೃತಿಯೂ ಭ್ರೂಣಗಳನ್ನು ಧಾರಾಳವಾಗಿಯೇ ಕಳೆಯುತ್ತದೆ. ಹಂದಿಯ ಗರ್ಭದಲ್ಲಿ ನೆಲೆಗೊಳ್ಳಬೇಕಾದ ಭ್ರೂಣಗಳಲ್ಲಿ ಮೂರರಲ್ಲೊಂದು ಪಾಲು, ಕೆಲವೊಮ್ಮೆ ಇನ್ನೂ ಹೆಚ್ಚು, 114 ದಿನ ತುಂಬುವ ಮೊದಲೇ ನಶಿಸುತ್ತವೆ. ಚರಕ ಸಂಹಿತೆಯಂತೂ ಶುಕ್ರ, ಶೋಣಿತ, ಜೀವ ಈ ಮೂರೂ ಕುಕ್ಷಿಯಲ್ಲಿ ಕೂಡಿದಾಗಲೇ ಗರ್ಭವೆಂಬ ಹೆಸರು ಕೊಡುತ್ತದೆ. ಗಾಜಿನ ತಟ್ಟೆ ಕುಕ್ಷಿಯಲ್ಲವಷ್ಟೆ, ಆದ್ದರಿಂದ ಇದು ಗರ್ಭವೇ ಅಲ್ಲವೆಂದು ವಾದಿಸುವವರಿದ್ದಾರು. ಆ ವಾದ ನಮಗೆ ಒಪ್ಪಿಗೆಯಾಗುವುದಿಲ್ಲ. ಚರಕರ ಕಾಲಕ್ಕೆ ಇಂಥ ತಟ್ಟೆಯ ಕಲ್ಪನೆಯೇ ಇರಲಿಲ್ಲ. ಹಿರಿಯರ ಮಾತನ್ನು ಅವರು ಕಾಣದ ಸಂಗತಿಗೆ ಸಾಕ್ಷಿಯಾಗಿ ಎಳೆದು ತರುವುದು ನ್ಯಾಯವಲ್ಲ. ಪ್ರಕೃತಿ ಕಳೆಯುತ್ತದೆಂಬ ವಾದವೂ ಅಷ್ಟೆ. ಮಳೆಗೆ ಮನೆ ಬೀಳುತ್ತದೆಂದು ನಾವು ಇನ್ನೊಬ್ಬರ ಮನೆ ಕೆಡವಬಹುದೇ?

ಇಲ್ಲಿ ಹಿಟ್ಟಿನ ಹುಂಜ ನೆರವಿಗೆ ಬರುತ್ತದೆ. ನೋವಿಲ್ಲವೆಂಬ ಒಂದೇ ಕಾರಣದಿಂದ ಕಡಿದವನು ಪಾರಾಗುವುದಿಲ್ಲವೆಂದು ಜನ್ನ ಹೇಳುತ್ತಾನೆ, ಏಕೆಂದರೆ ಕಡಿಯುವ ಮನಸ್ಸೊಂದಿದೆ. ಹಾಗಾದರೆ ಆ ಮನಸ್ಸು ಎಂಥದೆಂದು ನೋಡಬೇಕಲ್ಲವೇ? ಯಶೋಧರನ ಬಲಿಯಲ್ಲಿ ಮೂರು ದೋಷಗಳಿದ್ದವು. ನಿಮಿತ್ತವೇ ಸುಳ್ಳು, ಕಾಣದ ಕನಸಿನ ಶಾಂತಿ ಅದು. ಫಲವೆಲ್ಲ ತನಗೊಬ್ಬನಿಗೇ ಬೇಕಾದುದು. ಮೂರನೆಯದಾಗಿ, ಕೊಲ್ಲುವ ಆಚಾರವನ್ನು ಬಿಡದೆ ಕೊಲೆಯ ಹೆಸರನ್ನು ಮಾತ್ರ ತಪ್ಪಿಸಿಕೊಳ್ಳುವ ಉಪಾಯ. ಭ್ರೂಣಸಂಶೋಧನೆಯನ್ನು ಈ ಮೂರು ಒರೆಗಲ್ಲುಗಳಿಗೆ ಹಚ್ಚಿ ನೋಡಬೇಕು. ಅಗತ್ಯ ನಿಜವಾದುದೇ? ಫಲ ಯಾರಿಗೆ? ಬೇರೆ ದಾರಿಯನ್ನು ಪ್ರಾಮಾಣಿಕವಾಗಿ ಹುಡುಕಿದ್ದಾರೆಯೇ, ಅಥವಾ ಹೆಸರು ಬದಲಿಸಿ ಅದೇ ಕೆಲಸ ಮಾಡುತ್ತಿದ್ದಾರೆಯೇ?

ಅಗತ್ಯ ನಿಜವೆಂಬುದನ್ನು ನಾವು ಬಲ್ಲೆವು. ಮೂತ್ರಪಿಂಡ ಕೆಟ್ಟು ವಾರಕ್ಕೆ ಎರಡು ಮೂರು ಸಲ ಡಯಾಲಿಸಿಸ್ ಕುರ್ಚಿಯಲ್ಲಿ ಕೂರುವವರು ನಮ್ಮ ಕಟ್ಟಡಗಳಲ್ಲೇ ಇದ್ದಾರೆ. ಲೋಕಲ್ ಗಾಡಿಯ ನೂಕುನುಗ್ಗಲಿನಲ್ಲಿ ಆಸ್ಪತ್ರೆಗೆ ಹೋಗಿ ಬರುವ ಅವರ ಪಾಡನ್ನು ಕಂಡವರು ಈ ಸಂಶೋಧನೆಯನ್ನು ಹುಚ್ಚಾಟವೆನ್ನಲಾರರು. 2022ರ ಜನವರಿ 7ರಂದು ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಬೆನೆಟ್ ಎಂಬ ರೋಗಿಗೆ, ಹತ್ತು ವಂಶವಾಹಿ ಬದಲಾವಣೆಗಳನ್ನು ಮಾಡಿದ ಹಂದಿಯ ಹೃದಯ ಕಸಿ ಮಾಡಿದರು. ಆತ ಎರಡು ತಿಂಗಳು ಬದುಕಿದ. 2024ರ ಮಾರ್ಚಿನಲ್ಲಿ ಬಾಸ್ಟನ್ನಿನಲ್ಲಿ ಜೀವಂತ ರೋಗಿಯೊಬ್ಬನಿಗೆ ಹಂದಿಯ ಮೂತ್ರಪಿಂಡ ಹಾಕಿದರು, ಆತನೂ ಎರಡು ತಿಂಗಳೊಳಗೆ ತೀರಿಕೊಂಡ. ಇವೆಲ್ಲ ಗೆಲುವುಗಳಲ್ಲ, ಗೆಲುವಿನ ದಾರಿಯ ಹೆಜ್ಜೆಗಳಿರಬಹುದು. ನಮ್ಮ ದೇಶದಲ್ಲಿಯೂ ಇದಕ್ಕೊಂದು ಪೂರ್ವಕಥೆ ಇದೆ. 1997ರ ಜನವರಿಯಲ್ಲಿ ಅಸ್ಸಾಮಿನ ಸೋನಾಪುರದಲ್ಲಿ ಡಾ. ಧನೀರಾಮ್ ಬರುವಾ ರೋಗಿಯೊಬ್ಬನಿಗೆ ಹಂದಿಯ ಹೃದಯ ಜೋಡಿಸಿದರು. ಏಳು ದಿನಗಳಲ್ಲಿ ಆ ರೋಗಿ ತೀರಿಕೊಂಡ. 1994ರ ಅಂಗಾಂಗ ಕಸಿ ಕಾಯಿದೆಯ ಮೇರೆಗೆ ವೈದ್ಯರ ಬಂಧನವಾಯಿತು. ಒಂದೇ ಬಗೆಯ ಕೆಲಸ ಒಂದು ಕಡೆ ಸಾಹಸವೆನಿಸಿತು, ಇನ್ನೊಂದು ಕಡೆ ಅಪರಾಧವೆನಿಸಿತು. ಇಪ್ಪತ್ತೈದು ವರ್ಷಗಳ ಅಂತರದಲ್ಲಿ ಬೆಳೆದ ವಿಜ್ಞಾನ ಈ ವ್ಯತ್ಯಾಸಕ್ಕೆ ಒಂದು ಕಾರಣ. ಮುಂದಾಗಿಯೇ ಅಧಿಕಾರಿಗಳ ಅನುಮತಿ ಪಡೆದು ಎಲ್ಲರ ಕಣ್ಣೆದುರಿಗೆ ಮಾಡಿದ್ದು ಇನ್ನೊಂದು ಕಾರಣ.

ಬೇರೆ ದಾರಿಯ ವಿಚಾರ. 2006ರಲ್ಲಿ ಜಪಾನಿನ ಶಿನ್ಯಾ ಯಮನಾಕಾ ಇಲಿಯ ಚರ್ಮದ ಕೋಶವನ್ನೇ ಹಿಂದಕ್ಕೆ ತಿರುಗಿಸಿ ಭ್ರೂಣಕೋಶದಂತೆ ಮಾಡಿ ತೋರಿಸಿದರು. 2012ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂತು. ಹಂದಿಯ ಚರ್ಮದಿಂದಲೂ 2009ರಿಂದ ಹಾಗೆ ಮಾಡಿದ್ದಾರೆ. ವೀರ್ಯಾಣುವಿನ ಸಂಗವಿಲ್ಲದೆ ಅಂಡವನ್ನೇ ಎಚ್ಚರಿಸಿ ಬೆಳೆಸಿದ, ಎಂದಿಗೂ ಮರಿಯಾಗಲಾರದ ಭ್ರೂಣಗಳೂ ಇವೆ. ಹಾಗಾದರೆ ನಿಜವಾದ ಭ್ರೂಣ ಏಕೆ ಬೇಕು? ಹಿಂದಕ್ಕೆ ತಿರುಗಿಸಿದ ಕೋಶ ಸರಿಯಾಗಿದೆಯೇ ಎಂದು ಅಳೆಯಲು ಅಸಲು ಕೋಶವೇ ಅಳತೆಗೋಲು ಎಂಬುದು ವಿಜ್ಞಾನಿಗಳ ಉತ್ತರ. ಈ ಉತ್ತರದಲ್ಲಿ ಸತ್ಯವಿದೆ. ಆದರೆ ಅಳತೆಗೋಲು ಪ್ರತಿ ಮನೆಯಲ್ಲೂ ಬೇಕಾಗಿಲ್ಲ. ಒಮ್ಮೆ ಪಡೆದ ಕೋಶಸಂತತಿಯನ್ನು ಹಂಚಿಕೊಂಡರೆ ಪ್ರತಿಯೊಂದು ಪ್ರಯೋಗಾಲಯವೂ ಹೊಸದಾಗಿ ಭ್ರೂಣಗಳನ್ನು ಒಡೆಯಬೇಕಾಗುವುದಿಲ್ಲ. ಹಂಚಿಕೊಳ್ಳದೆ ಹಕ್ಕುಪತ್ರದ ಪೆಟ್ಟಿಗೆಯಲ್ಲಿ ಮುಚ್ಚಿಡುವ ಲೋಭವೇ ಹಿಂಸೆಯನ್ನು ಹೆಚ್ಚಿಸುವುದೆಂದು ನಮ್ಮ ಅಭಿಪ್ರಾಯ. ‘ಫಲ ಯಾರಿಗೆ?’ ಎಂಬ ಒರೆಗಲ್ಲಿನಲ್ಲಿ ಹೆಚ್ಚಿನ ಸಂಸ್ಥೆಗಳು ಎಡವುವುದು ಇಲ್ಲಿಯೇ.

ಎರಡನೆಯ ಆಕ್ಷೇಪ, ಬೆರಕೆ. 2017ರಲ್ಲಿ ಕ್ಯಾಲಿಫೋರ್ನಿಯದ ಸಾಕ್ ಸಂಸ್ಥೆಯವರು ಹಂದಿಯ ಭ್ರೂಣಗಳಲ್ಲಿ ಮಾನವ ಆಕರಕೋಶಗಳನ್ನು ಸೇರಿಸಿದರು. 2023ರಲ್ಲಿ ಚೀನದ ಗ್ವಾಂಗ್‌ಝೋ ನಗರದಲ್ಲಿ ಹಂದಿಯ ಭ್ರೂಣದೊಳಗೆ, ಅರ್ಧಕ್ಕಿಂತ ಹೆಚ್ಚು ಕೋಶಗಳು ಮನುಷ್ಯನವೇ ಆಗಿದ್ದ ಎಳೆಯ ಮೂತ್ರಪಿಂಡಗಳನ್ನು 28 ದಿನಗಳವರೆಗೆ ಬೆಳೆಸಿದರು. ಇದನ್ನು ಕೇಳಿ ಮೈ ಜುಮ್ಮೆನ್ನದವರು ಯಾರು? ಆದರೆ ಮೈ ಜುಮ್ಮೆನ್ನುವುದು ವಿಚಾರದ ಆರಂಭ ಮಾತ್ರ, ತೀರ್ಪಲ್ಲ. ಆನೆಯ ಮುಖದ ಗಣಪತಿಯನ್ನೂ ಸಿಂಹಮುಖದ ನರಸಿಂಹನನ್ನೂ ಪೂಜಿಸುವ ನಮಗೆ ಬೆರೆತ ರೂಪವೊಂದೇ ಭಯವನ್ನುಂಟುಮಾಡಬೇಕಾಗಿಲ್ಲ. ಹಂದಿಯಂತೂ ನಮಗೆ ವರಾಹಮೂರ್ತಿ. ಬಾದಾಮಿಯ ಚಾಲುಕ್ಯರು ಅದನ್ನೇ ಲಾಂಛನವಾಗಿಸಿಕೊಂಡರು. ನಮ್ಮ ಹಿರಿಯರು ಎಣಿಸುತ್ತಿದ್ದ ಹೊನ್ನಿಗೂ ‘ವರಹ’ವೆಂಬ ಹೆಸರಿತ್ತು. ತುಳುನಾಡಿನಿಂದ ಬಂದ ಬಂಧುಗಳಿಗೆ ಪಂಜುರ್ಲಿ ಮನೆತನ ಕಾಯುವ ದೈವ. ಅದೇ ನಾಲಗೆಯಿಂದ ಹಂದಿ ಎಂದು ಬಯ್ಯುವವರೂ ನಾವೇ! ಆದರೆ ಪುರಾಣ ಪ್ರಯೋಗಾಲಯಕ್ಕೆ ಪರವಾನಗಿಯಲ್ಲ. ಬೆರಕೆಯಲ್ಲಿರುವ ನಿಜವಾದ ಅಪಾಯ ಬೇರೆ. ಮನುಷ್ಯನ ಕೋಶಗಳು ಹಂದಿಯ ಮೆದುಳಿಗೋ ಪ್ರಜನನಾಂಗಕ್ಕೋ ಹೋಗಿ ಸೇರಿದರೆ ಹುಟ್ಟುವ ಪ್ರಾಣಿ ಯಾವುದನ್ನು ಅನುಭವಿಸುತ್ತದೆ, ನಾವು ಅದಕ್ಕೆ ಏನಾಗಬೇಕು? ಗ್ವಾಂಗ್‌ಝೋವಿನ ಪ್ರಯೋಗದಲ್ಲೇ ಕೆಲವು ಮಾನವ ಕೋಶಗಳು ಮೆದುಳಿನ ಕಡೆಗೂ ಹೋಗಿದ್ದುವಂತೆ. ಭಾರತದ 2017ರ ಮಾರ್ಗದರ್ಶಿ ಸೂತ್ರಗಳು ಇಂಥ ಕೆಲಸಕ್ಕೆ ಬಿಗಿಯಾದ ನಿರ್ಬಂಧ ಹಾಕಿವೆ, ಮಾನವ ಕೋಶಗಳು ಪ್ರಜನನಾಂಗ ಸೇರಿರಬಹುದಾದ ಪ್ರಾಣಿಗಳ ಸಂತಾನವೃದ್ಧಿಯನ್ನು ನಿಷೇಧಿಸಿವೆ. ಇದು ಸರಿಯಾದ ಎಚ್ಚರವೆಂದೇ ನಾವು ಹೇಳುತ್ತೇವೆ.

ಮೂರನೆಯ ಆಕ್ಷೇಪವನ್ನು ಯಾರೂ ಅಷ್ಟಾಗಿ ಎತ್ತುವುದಿಲ್ಲ. ನಮ್ಮ ದೃಷ್ಟಿಯಲ್ಲಿ ಅದೇ ಎಲ್ಲಕ್ಕಿಂತ ಭಾರವಾದುದು. ಅದು ತಾಯಿ ಹಂದಿಯದು. ತಟ್ಟೆಯೊಳಗಿನ ಚುಕ್ಕೆಗಾಗಿ ನಾವು ಇಷ್ಟು ವಾದಿಸುತ್ತೇವೆ, ನಿಜವಾಗಿ ನೋಯಬಲ್ಲ, ಹೆದರಬಲ್ಲ, ಮರಿಗಳನ್ನು ಹತ್ತಿರ ಕರೆಯಬಲ್ಲ ಪ್ರಾಣಿಯನ್ನು ಮರೆಯುತ್ತೇವೆ. ಸಾಕ್ ಸಂಸ್ಥೆಯ ಪ್ರಯೋಗದಲ್ಲಿ 2,075 ಭ್ರೂಣಗಳನ್ನು ಬಾಡಿಗೆ ತಾಯಿ ಹಂದಿಗಳ ಗರ್ಭಕ್ಕೆ ಸೇರಿಸಿದ್ದರು, ಅವುಗಳಲ್ಲಿ 186 ಮಾತ್ರ ಮುಂದಿನ ಹಂತಕ್ಕೆ ಬೆಳೆದವು. ಗ್ವಾಂಗ್‌ಝೋವಿನಲ್ಲಿ 1,820 ಭ್ರೂಣಗಳು 13 ಹಂದಿಗಳ ಗರ್ಭ ಸೇರಿದವು. ಗರ್ಭ ಸೇರಿಸುವುದೂ ತೆಗೆಯುವುದೂ ಸುಮ್ಮನೆ ಆಗುವುದಿಲ್ಲ. ಅಂಗಕ್ಕಾಗಿ ಸಾಕುವ ಹಂದಿಗಳನ್ನು ಸೋಂಕು ತಗಲದಂತೆ ಮುಚ್ಚಿದ ಕೋಣೆಗಳಲ್ಲಿ ಬೆಳೆಸಬೇಕಾಗುತ್ತದೆ. ಮಣ್ಣು ಕೆದಕುವುದೇ ಹುಟ್ಟುಗುಣವಾದ ಪ್ರಾಣಿಗೆ ಮಣ್ಣೇ ಇಲ್ಲ.

1928ರಲ್ಲಿ ಸಾಬರಮತಿ ಆಶ್ರಮದಲ್ಲಿ ಗುಣವಾಗದ ಬೇನೆಯಿಂದ ನರಳುತ್ತಿದ್ದ ಕರುವೊಂದಕ್ಕೆ ಗಾಂಧೀಜಿಯವರು ಚುಚ್ಚುಮದ್ದಿನಿಂದ ಪ್ರಾಣ ಬಿಡಿಸಿದಾಗ ದೇಶದಲ್ಲೆಲ್ಲ ಕೋಲಾಹಲವಾಯಿತು. ಜೀವಂತ ಪ್ರಾಣಿಗಳನ್ನು ಕೊಯ್ಯುವ ಪ್ರಯೋಗಗಳನ್ನು ಕಟುವಾಗಿ ವಿರೋಧಿಸಿದವರೂ ಅವರೇ. ಮೇಲುನೋಟಕ್ಕೆ ಇವು ಒಂದಕ್ಕೊಂದು ವಿರುದ್ಧ. ಒಳಹೊಕ್ಕು ನೋಡಿದರೆ ಎರಡರಲ್ಲಿಯೂ ಅವರ ಕಣ್ಣು ಇದ್ದದ್ದು ಪ್ರಾಣಿಯ ಸಂಕಟದ ಮೇಲೆ. ಭ್ರೂಣದ ವಿಷಯದಲ್ಲಿಯೂ ನಮ್ಮ ಕಣ್ಣು ಅಲ್ಲಿಯೇ ಇರಬೇಕು. ಹೇಗೂ ಮಾಂಸಕ್ಕಾಗಿ ಕಡಿದ ಹಂದಿಯ ಅಂಡಾಶಯದಿಂದ ತಟ್ಟೆಯಲ್ಲಿ ಬೆಳೆಸಿದ ಆರು ದಿನದ ಭ್ರೂಣ ಒಂದು ಕಡೆ, ಗರ್ಭ ಧರಿಸಲೆಂದೇ ಶಸ್ತ್ರಕ್ರಿಯೆಗೆ ಒಳಗಾಗುವ ಹೆಣ್ಣು ಹಂದಿ ಇನ್ನೊಂದು ಕಡೆ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ಮಾತನಾಡುವುದು ಸಲ್ಲದು.

ಕಾಯಿದೆ ಏನು ಹೇಳುತ್ತದೆ? 1960ರ ಪ್ರಾಣಿಹಿಂಸೆ ತಡೆ ಕಾಯಿದೆ, ಮನುಷ್ಯನನ್ನು ಬಿಟ್ಟು ಯಾವುದೇ ಜೀವಿಯೂ ಪ್ರಾಣಿಯೇ ಎನ್ನುತ್ತದೆ. ಜ್ಞಾನವೃದ್ಧಿಗೂ ಪ್ರಾಣರಕ್ಷಣೆಗೂ ಪ್ರಯೋಗ ಮಾಡಲು ಅದು ಅವಕಾಶ ಕೊಡುತ್ತದೆ. ಸಾಧ್ಯವಿರುವಲ್ಲೆಲ್ಲ ಪ್ರಾಣಿಪ್ರಯೋಗ ತಪ್ಪಿಸಬೇಕು, ಬರಿಯ ಕೈಚಳಕ ಕಲಿಯಲು ಮಾಡಬಾರದು ಎಂದೂ ಹೇಳುತ್ತದೆ. 1959ರಲ್ಲಿಯೇ ರಸೆಲ್ ಮತ್ತು ಬರ್ಚ್ ಎಂಬ ಇಬ್ಬರು ಆಂಗ್ಲ ವಿಜ್ಞಾನಿಗಳು ಪ್ರಾಣಿಗೆ ಬದಲು ಹುಡುಕು, ಸಂಖ್ಯೆ ಇಳಿಸು, ಸಂಕಟ ತಗ್ಗಿಸು ಎಂಬ ಮೂರು ನಿಯಮಗಳನ್ನು ಕೊಟ್ಟಿದ್ದರು. ಮಾನವ ಭ್ರೂಣಕ್ಕಾದರೆ 14 ದಿನಗಳ ಗೆರೆಯೊಂದಿದೆ. ಬ್ರಿಟನ್ನಿನ ವಾರ್ನಾಕ್ ಸಮಿತಿ 1984ರಲ್ಲಿ ಎಳೆದ ಈ ಗೆರೆಯನ್ನು ನಮ್ಮ ದೇಶವೂ ಒಪ್ಪಿದೆ. ಮುಂದೆ ದೇಹವಾಗುವುದರ ಮೊದಲ ರೇಖೆ ಮೂಡುವ ಸಮಯ ಅದು. ಹಂದಿಯಲ್ಲಿ ಆ ರೇಖೆ ಹನ್ನೊಂದು ಹನ್ನೆರಡನೆಯ ದಿನಕ್ಕೇ ಮೂಡುತ್ತದೆ, ಆದರೆ ಹಂದಿಗೆ ಅಂಥ ಗೆರೆಯನ್ನು ಎಳೆದವರಿಲ್ಲ. ಯುರೋಪಿನ 2010ರ ನಿಯಮ ಸಸ್ತನಿಗಳ ಭ್ರೂಣಕ್ಕೆ ರಕ್ಷಣೆ ಕೊಡುವುದು ಗರ್ಭಾವಧಿಯ ಕೊನೆಯ ಮೂರನೆಯ ಒಂದು ಪಾಲಿನಲ್ಲಿ ಮಾತ್ರ. ಹಂದಿಗೂ ಮನುಷ್ಯನಿಗೂ ಒಂದೇ ಗೆರೆ ಬೇಕೆಂದು ನಾವು ಹೇಳುತ್ತಿಲ್ಲ. ಗೆರೆಯೇ ಬೇಡವೆನ್ನುವುದಕ್ಕೆ ಕಾರಣವಾದರೂ ಏನೆಂದು ಕೇಳುತ್ತಿದ್ದೇವೆ.

ಇನ್ನು ನಮ್ಮ ನಮ್ಮ ಆಚಾರಗಳ ಮಾತು. ನಮ್ಮ ಸಮಾಜದಲ್ಲಿ ಹಬ್ಬಕ್ಕೆ ಪಂದಿ ಕರಿ ಮಾಡುವ ಕೊಡವರಿದ್ದಾರೆ, ಹಂದಿಮಾಂಸ ತಿನ್ನುವ ಮಂಗಳೂರಿನ ಕ್ರೈಸ್ತರಿದ್ದಾರೆ, ಹಂದಿಯನ್ನು ಮುಟ್ಟದ ಮುಸಲ್ಮಾನರಿದ್ದಾರೆ, ಮಾಂಸವನ್ನೇ ಒಲ್ಲದ ಜೈನರು, ಬ್ರಾಹ್ಮಣರು, ಲಿಂಗಾಯತರಿದ್ದಾರೆ. ತಿನ್ನುವವನಿಗೆ ಕೇಳುವ ಹಕ್ಕಿಲ್ಲವೆಂದೂ ತಿನ್ನದವನ ಕೈ ಶುದ್ಧವೆಂದೂ ತಿಳಿಯುವುದು ಬೇಡ. ಹೃದಯದ ಕವಾಟ ಕೆಟ್ಟವರಿಗೆ ಹಂದಿಯ ಕವಾಟ ಹಾಕುವ ಪದ್ಧತಿ 1960ರ ದಶಕದಿಂದಲೂ ಇದೆ. ಅದು ಬೇಡವೆನ್ನುವವರಿಗೆ ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆಯವರು ರೂಪಿಸಿ 1990ರಲ್ಲಿ ಮೊದಲು ಅಳವಡಿಸಿದ ಯಾಂತ್ರಿಕ ಕವಾಟವಿದೆ. ಆದರೆ ಹೃದಯದ ಶಸ್ತ್ರಕ್ರಿಯೆ ನಡೆಯುವಾಗ ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಮದ್ದನ್ನು ಹೆಚ್ಚಾಗಿ ತೆಗೆಯುವುದು ಹಂದಿಯ ಕರುಳಿನಿಂದಲೇ. ಎಷ್ಟೋ ಶುದ್ಧ ಶಾಕಾಹಾರಿಗಳ ಪ್ರಾಣ ಉಳಿದದ್ದು ಹಂದಿಯ ಋಣದಿಂದ. ಪ್ರಾಣ ಉಳಿಸುವ ಅನಿವಾರ್ಯದಲ್ಲಿ ನಿಷಿದ್ಧವೂ ಸಲ್ಲುತ್ತದೆಂದು ಇಸ್ಲಾಮಿನ ಅನೇಕ ಧರ್ಮಪಂಡಿತರು ಒಪ್ಪುತ್ತಾರೆ. ಆಪದ್ಧರ್ಮವೆಂಬ ಮಾತು ನಮ್ಮಲ್ಲಿಯೂ ಇದೆ. ಆದರೆ ಆಪತ್ತು ಆಪತ್ತೇ ಆಗಿರಬೇಕು, ಮತ್ತು ರೋಗಿಗೆ ಮದ್ದಿನ ಮೂಲವನ್ನು ತಿಳಿಸಿ ಅವನ ಒಪ್ಪಿಗೆ ಪಡೆದಿರಬೇಕು. ಮುಚ್ಚಿಟ್ಟು ಕೊಟ್ಟರೆ ಅದು ವಂಚನೆಯೇ.

ಋಣ ಎಂಬ ಮಾತನ್ನು ಬೇಕೆಂದೇ ಬಳಸಿದ್ದೇವೆ. ಪಶ್ಚಿಮದವರು ಪ್ರಾಣಿಗೆ ಹಕ್ಕಿದೆಯೇ ಎಂದು ಚರ್ಚಿಸುತ್ತಾರೆ. ನಮ್ಮ ಹಿರಿಯರು ಅದನ್ನು ಇನ್ನೊಂದು ತುದಿಯಿಂದ ಹಿಡಿದರು. ಎದುರಿನ ಜೀವಕ್ಕೆ ಹಕ್ಕಿದೆಯೋ ಇಲ್ಲವೋ, ಪಡೆದುಕೊಂಡ ನನ್ನ ಮೇಲೆ ಸಾಲವಿದೆ. ಅಂಬರನಾಥದ ಶಿವಾಲಯ ಶಕ 982ರದು, ಎಂದರೆ ಕ್ರಿ.ಶ. 1060ರದು, ಶಿಲಾಹಾರರ ಕಾಲದ್ದು. ಆ ಶಿವನಿಗೆ ಪಶುಪತಿಯೆಂದೂ ಹೆಸರು. ಶೈವದರ್ಶನದಲ್ಲಿ ಪಶುವೆಂದರೆ ನಾಲ್ಕು ಕಾಲಿನದಷ್ಟೇ ಅಲ್ಲ, ಪಾಶದಲ್ಲಿ ಸಿಕ್ಕಿದ ಪ್ರತಿಯೊಂದು ಜೀವವೂ ಪಶುವೇ, ನಾವೂ ಸೇರಿ. ಆ ಗುಡಿಯ ಪಕ್ಕದಲ್ಲೇ ಹರಿಯುವ ವಾಲಧುನಿ ಹೊಳೆ ಕಾರ್ಖಾನೆಗಳ ಹೊಲಸಿನಿಂದ ಏನಾಗಿದೆಯೆಂದು ನಮಗೆಲ್ಲ ಗೊತ್ತು. ಮನುಷ್ಯನ ಹಿತಕ್ಕೆಂದೇ ಮಾಡಿದ ಕೆಲಸದ ಸಾಲವನ್ನು ತೀರಿಸದೆ ಬಿಟ್ಟರೆ ಅದು ಎಲ್ಲಿ ಬಂದು ನಿಲ್ಲುತ್ತದೆಂಬುದಕ್ಕೆ ಆ ನೀರೇ ಸಾಕ್ಷಿ.

ಹಾಗಾದರೆ ಮೊಮ್ಮಗಳಿಗೆ ಏನು ಹೇಳೋಣ? ನಮ್ಮ ಉತ್ತರ ಇಷ್ಟು. ಆರು ದಿನದ ಹಂದಿಯ ಭ್ರೂಣದಿಂದ ಕೋಶ ತೆಗೆಯುವುದು ಕೊಲೆಯಲ್ಲ, ಆದರೆ ಹಿಟ್ಟು ನಾದಿದಷ್ಟು ಹಗುರವಾದ ಕೆಲಸವೂ ಅಲ್ಲ. ಅಗತ್ಯ ನಿಜವಾಗಿದ್ದರೆ, ಬೇರೆ ದಾರಿ ಹುಡುಕಿ ಸಿಗದಿದ್ದರೆ, ಪಡೆದ ಕೋಶಗಳನ್ನು ಎಲ್ಲರೊಡನೆ ಹಂಚಿಕೊಳ್ಳುವುದಾದರೆ, ತಾಯಿ ಹಂದಿಯ ಸಂಕಟವನ್ನು ಲೆಕ್ಕಕ್ಕೆ ಹಿಡಿದಿದ್ದರೆ ಮಾಡು. ಈ ನಾಲ್ಕರಲ್ಲಿ ಒಂದು ತಪ್ಪಿದರೂ ಮೇಲಿನವರನ್ನು ಕೇಳು. ಪ್ರತಿ ಸಂಸ್ಥೆಯಲ್ಲೂ ಪ್ರಾಣಿಪ್ರಯೋಗದ ನೀತಿಸಮಿತಿ ಇರತಕ್ಕದ್ದೆಂದು ನಿಯಮವಿದೆ, ಅದರ ಮುಂದೆ ಹೇಳು. ಕೇಳಿದ್ದಕ್ಕೆ ಕೆಲಸ ಹೋದೀತೆಂಬ ಅಂಜಿಕೆ ಸಹಜ. ಹಾಗೇನಾದರೂ ಆದರೆ ಮನೆಯವರು ಅವಳನ್ನು ಹಳಿಯದೆ ಅವಳ ಬೆನ್ನಿಗೆ ನಿಲ್ಲಬೇಕು. ಹಿರಿಯರ ಉತ್ತರಕ್ಕೆ ಬೆಲೆ ಬರುವುದು ಆಗಲೇ.

ಕೊನೆಯದಾಗಿ ನಮಗೆ ನಾವೇ ಹೇಳಿಕೊಳ್ಳಬೇಕಾದ ಮಾತೊಂದಿದೆ. ಒಬ್ಬರ ಮೆದುಳು ಸತ್ತಿದೆಯೆಂದು ಆಸ್ಪತ್ರೆಯ ವೈದ್ಯರು ಖಚಿತಪಡಿಸಿದ ಮೇಲೆ ಅವರ ಹೃದಯ, ಮೂತ್ರಪಿಂಡ, ಯಕೃತ್ತುಗಳು ಬೇರೆಯವರಿಗೆ ಬಾಳು ಕೊಡಬಲ್ಲವು. ಮನೆಯಲ್ಲೇ ತೀರಿಕೊಂಡವರ ಕಣ್ಣುಗಳನ್ನು ಆರು ಗಂಟೆಗಳೊಳಗೆ ದಾನ ಮಾಡಬಹುದು. ಮುಂಬಯಿಯಲ್ಲಿ ಇದಕ್ಕಾಗಿ ವಲಯ ಕಸಿ ಸಮನ್ವಯ ಕೇಂದ್ರವಿದೆ, ಊರಿನಲ್ಲಿ ‘ಜೀವಸಾರ್ಥಕತೆ’ ಇದೆ. ಆದರೆ ಆ ಗಳಿಗೆ ಬಂದಾಗ ನಮ್ಮಲ್ಲಿ ಎಷ್ಟು ಮನೆಗಳು ಒಪ್ಪುತ್ತವೆ? ನಮ್ಮ ಅಂಗಗಳನ್ನು ಬೆಂಕಿಗೋ ಮಣ್ಣಿಗೋ ಕೊಟ್ಟು ಹಂದಿಯ ಅಂಗವನ್ನು ಬೇಡುವುದು ಎಂಥ ನ್ಯಾಯ? ಮನುಷ್ಯ ಮನುಷ್ಯನಿಗೆ ಕೊಡಬಹುದಾದುದನ್ನು ಕೊಟ್ಟು ಮುಗಿಸಿದ ಮೇಲೆ ಉಳಿದ ಕೊರತೆಗೆ ಪ್ರಾಣಿಯ ಬಾಗಿಲಿಗೆ ಹೋದರೆ ಆ ಅಗತ್ಯಕ್ಕೆ ಅಗತ್ಯವೆಂಬ ಹೆಸರು ಒಪ್ಪುತ್ತದೆ. ಈ ತಿಂಗಳು ಮನೆಮಂದಿಯೆಲ್ಲ ಊಟಕ್ಕೆ ಕೂತಾಗ ಒಮ್ಮೆ ಈ ಮಾತು ತೆಗೆಯಿರಿ, ತಮ್ಮ ತಮ್ಮ ಇಚ್ಛೆಯನ್ನು ಒಬ್ಬರಿಗೊಬ್ಬರು ತಿಳಿಸಿ ಇಡಿರಿ. ನಮ್ಮ ವಿಚಾರಗಳನ್ನು ಒಪ್ಪದ ವಾಚಕರೂ ಇದ್ದಾರು. ಅವರ ಪತ್ರಗಳಿಗೂ ಈ ಪುಟಗಳಲ್ಲಿ ಸ್ಥಳವಿದೆ.